ಓಡುವ ಸೀಸ

ನೋಟೀಸು ಕೊಡಲು ಹೋದವನು ನಾನು,
ಬೆಂಗ್ರೆಯ ಕಲ್ಲುಸಾಲಿಗೆ, ಇಳಿತದ ಹೊತ್ತು.
ಇದ್ದಿನಬ್ಬ ತಲೆ ಎತ್ತಲಿಲ್ಲ.
"ಹಿಡೀರಿ" ಎಂದ, ದಾರದ ತುದಿ ಚಾಚಿ.

ಮೂರು ಕಂತು ಬಾಕಿ, ಎಂದೆ.
ಮೂರು ಗೇಣು ಸಾಕು, ಎಂದ,
ಗಾಳಕ್ಕೂ ಕೊಂಡಿಗೂ ನಡುವೆ.
ಹೆಚ್ಚಾದರೆ ಸಿಕ್ಕು, ಕಮ್ಮಿಯಾದರೆ ಮೀನಿಗೆ ಸಂಶಯ.

ಬೂತಾಯಿ ಬೇಡ, ಮೆದು,
ಬೀಸುವಾಗಲೇ ಕಳಚಿ ಕಾಗೆಯ ಪಾಲು.
ಕೊಡ್ಡಾಯಿಗೆ ಬೊಂಡಾಸಿನ ಪಟ್ಟಿ, ಏಡಿ ಕಿತ್ತರೂ ಅರ್ಧ ಉಳಿದೀತು.
ಕಾಣೆಗೆ ಮಾತ್ರ ಹಸಿ ಎಟ್ಟಿ,
ಬಾಲದ ಕಡೆಯಿಂದ ಚುಚ್ಚಿ, ಗಾಳ ಸಣ್ಣದಿರಲಿ,
ಮದುವೆಯೂಟಕ್ಕೆ ಕೂತ ಮದುಮಗಳು ಅದು, ಬಾಯಿ ತೆರೆಯುವುದಿಲ್ಲ.

ಆಮೇಲೆ ತೂತಿನ ಸೀಸದ ಗುಂಡು.
ದಾರ ಅದರೊಳಗೆ ಓಡಬೇಕು.
"ಭಾರ ಮರಳಲ್ಲಿ ಕೂತಿರ್ತದೆ,
ಕಚ್ಚಿದ್ದಕ್ಕೆ ಗೊತ್ತಾಗುವುದಿಲ್ಲ.
ಬಿಡಿ, ಬಿಡಿ, ಹೋಗಲಿ ಎರಡು ಮಾರು...
ನಿಮ್ಮ ಸೊಸೈಟಿಯ ಫಾರಮ್ಮೂ ಇದೇ ಕಟ್ಟು, ಅಲ್ವಾ ಮಾರಾಯ್ರೆ?"

ನಾನು ನಗಲಿಲ್ಲ. ತೋರುಬೆರಳ ಮೇಲೆ ದಾರ
ಒಮ್ಮೆ ಮಿಡಿಯಿತು. ಮತ್ತೊಮ್ಮೆ.
ಎಳೆದೆ. ಬರಿಯ ಗಾಳ, ತೊಟ್ಟಿಕ್ಕುವ ಬಿಸಿಲು.
"ಎಂತ ಇತ್ತು?"
"ಕಾಣೆ" ಎಂದೆ.
"ಹೌದು, ಅದೇ" ಎಂದ, ಗಂಭೀರವಾಗಿ.

ಆಚೆ ದಡದ ಬಂದರಿನಲ್ಲಿ ಐಸು ಪುಡಿಯಾಗುವ ಸದ್ದು.
ಕಡವಿನ ದೋಣಿ ಎರಡು ಸಲ ಬಂದು ಹೋಯಿತು.

ಎಟ್ಟಿ ಸುತ್ತಿಟ್ಟ ಕಾಗದ ಯಾವುದೆಂದು
ಮ್ಯಾನೇಜರಿಗೆ ಹೇಳಿಲ್ಲ.

ಇದು ಐದನೆಯ ಭಾನುವಾರ.
ಕಿಸೆಯಲ್ಲಿ ನಾನೇ ಕೊಂಡ ಸೀಸ.
ಕಂತು ಈಗ ನಾಲ್ಕು.
ಕೇಳಬೇಕು.
ಇಳಿತ ಮುಗಿಯಲಿ.