ಈ ವ್ಯವಹಾರ ನಿಮ್ಮದೇ?

ರಾತ್ರಿ ಎರಡೂ ಹತ್ತಕ್ಕೆ
ಹದಿನಾಲ್ಕನೇ ಹಾಸಿಗೆಯ ಸಲೈನು ಬದಲಿಸುತ್ತಿದ್ದೆ.
ಕೋಟಿನ ಜೇಬಲ್ಲಿ ಫೋನು ಎರಡು ಸಲ ನಡುಗಿತು,
ಚಳಿಜ್ವರದ ಮಗುವಿನ ಹಾಗೆ.
ನೋಡಲಿಲ್ಲ. ಸೂಜಿ ಹಿಡಿದ ಕೈ
ಬೇರೆ ಯಾವುದಕ್ಕೂ ಓಗೊಡಬಾರದೆಂದು ಕಲಿತವಳು.

ಮೂರಕ್ಕೆ ಚಹಾ ಹಿಡಿದು ಕೂತಾಗ ಓದಿದೆ:
ಅರವತ್ತೊಂದು ಸಾವಿರದ ನಾನೂರು. ಟ್ರೆಡ್‌ಮಿಲ್ ಒಂದು.
ಊರು, ಗುರುಗ್ರಾಮ.
ಆ ಹೆಸರನ್ನು ಬಾಯಲ್ಲಿ ಹೊರಳಿಸಿದೆ,
ಚೀಟಿಯಲ್ಲಿಲ್ಲದ ಮಾತ್ರೆಯ ಹಾಗೆ.
ಹಿಂದೆಯೇ ಇನ್ನೊಂದು: ಗಂಡಸರ ಬೂಟು, ಹತ್ತನೇ ಸೈಜು.
ಇರಲಿ, ಓಡುವವನಿಗೆ ಬೂಟು ಬೇಕಲ್ಲ.
ವಾರ್ಡಿನ ಈ ತುದಿಯಿಂದ ಆ ತುದಿಗೆ
ನಾನು ನಡೆದು ನಡೆದು ಗಳಿಸಿದ್ದನ್ನು
ಅವನು ನಿಂತಲ್ಲೇ ಓಡಿ ಮುಗಿಸುತ್ತಾನೆ.

ಕಾರ್ಡು ಎಲ್ಲಿಗೂ ಹೋಗಿರಲಿಲ್ಲ.
ಪರ್ಸಿನಲ್ಲೇ ಇತ್ತು, ಬಸ್ ಪಾಸಿಗೂ
ಕೆ.ಬಿ. ಬಡಾವಣೆಯ ಟೈಲರು ಕೊಟ್ಟ ರವಿಕೆ ಚೀಟಿಗೂ ನಡುವೆ,
ಏನೂ ಅರಿಯದವರ ಹಾಗೆ ಬೆಚ್ಚಗೆ.

ಸಹಾಯವಾಣಿಗೆ ಹಚ್ಚಿದೆ. ಹಿಂದಿಗೆ ಎರಡು ಒತ್ತಿ,
ಕನ್ನಡಕ್ಕೆ ಆರು ಒತ್ತಿ. ಆರು ಒತ್ತಿದರೆ ಸಂಗೀತ.
ಮೂಲೆಯಲ್ಲಿ ಹರಿಹರದ ಅಜ್ಜ ಕೆಮ್ಮಿದ.
ಸಂಗೀತವನ್ನು ಕಿವಿಗೊತ್ತಿಕೊಂಡೇ ಹೋಗಿ ನೀರು ಕುಡಿಸಿದೆ.
'ಯಾರವ್ವಾ ಇಷ್ಟೊತ್ನಾಗೆ?'
ಬ್ಯಾಂಕು, ಅಜ್ಜಾ.
'ಅವರೂ ನಿನ್ನ ಸಾಲ ಕೇಳ್ತಾರೇನು?'

ಕೊನೆಗೊಂದು ಹುಡುಗಿಯ ದನಿ, ನನ್ನಂತೆಯೇ ರಾತ್ರಿಪಾಳಿಯದು.
ಆಕಳಿಕೆಯನ್ನು ಮಾತಿನಡಿ ಮಡಿಸಿಟ್ಟಿದ್ದಳು.
'ಮೇಡಂ, ಈ ವ್ಯವಹಾರ ನಿಮ್ಮದೇ?'
ಅಲ್ಲ.
'ಒಟಿಪಿ ಯಾರಿಗಾದರೂ ಹೇಳಿದ್ರಾ?'
ಇಲ್ಲ.
'ಮನೆಯವರು ಯಾರಾದರೂ ಬಳಸಿರಬಹುದಾ?'

ಅಶೋಕ ರಸ್ತೆಯ ಗೇಟು ಬಿದ್ದಂತೆ
ನಾಲಿಗೆ ನಿಂತಿತು. ಆಚೆ ಗೂಡ್ಸು ರೈಲು,
ಒಂದೊಂದೇ ಡಬ್ಬಿ:
ಮದುವೆಯಾದ ಏಳನೇ ತಿಂಗಳು, ಮೈದುನನ ಅಂಗಡಿಗೆಂದು
ಚೌಕಿಪೇಟೆಯಲ್ಲಿ ಕರಗಿದ ನಾಲ್ಕು ಬಳೆ.
ಆಗಲೂ ನಾನು ಡ್ಯೂಟಿಯಲ್ಲಿದ್ದೆ.
ಅವ್ವ ಹಾಕಿದ ಸರ.
ಮೊದಲ ಸಂಬಳದಿಂದ ಕಟ್ಟಿದ ಆರ್‌ಡಿ,
ಬಿಡಿಸಿಕೊಂಡ ಕಾಗದದಲ್ಲಿ ನನ್ನದೇ ಸಹಿ:
ಸರ್ವಮಂಗಳದ ಕೊನೆಯ ಳ
ನಾನು ಬರೆಯುವುದಕ್ಕಿಂತ ದುಂಡಗಿತ್ತು.
ಕೇಳಿದ್ದಕ್ಕೆ ಅತ್ತೆ ನಕ್ಕಿದ್ದರು,
'ನಿಂದು ನಮ್ದು ಅಂತ ಬ್ಯಾರೆ ಐತೇನವ್ವಾ?'

ಆಗ ಯಾವ ಜೇಬೂ ನಡುಗಲಿಲ್ಲ.
ಒತ್ತಲು ಆರೂ ಇರಲಿಲ್ಲ, ಒಂಬತ್ತೂ ಇರಲಿಲ್ಲ.

'ಮೇಡಂ? ಲೈನಿನಲ್ಲಿದ್ದೀರಾ?'
ಇದ್ದೀನಿ.
'ಮೂರು ದಿನದೊಳಗೆ ತಿಳಿಸಿಬಿಟ್ರಿ, ಒಳ್ಳೇದಾಯ್ತು.'
ಮೂರು ದಿನ.
ನಾನು ಹತ್ತೊಂಬತ್ತು ವರ್ಷ ಎಣಿಸುತ್ತಿದ್ದೆ.

ಬೆಳಗ್ಗೆ ಸೈಬರ್ ಠಾಣೆಯಲ್ಲಿ ಕೇಳಿದರು, ಆ ಹೊತ್ತಿಗೆ ಎಲ್ಲಿದ್ರಿ?
ಡ್ಯೂಟಿ ಪುಸ್ತಕದ ಜೆರಾಕ್ಸ್ ಕೊಟ್ಟೆ:
ಎರಡೂ ಹತ್ತು, ಹಾಸಿಗೆ ಹದಿನಾಲ್ಕು, ಐನೂರು ಎಂ.ಎಲ್.
ಪೇದೆ ಓದಿ ತಲೆಯಾಡಿಸಿದ. ನನಗೇ ಅಚ್ಚರಿ,
ನಾನು ಎಲ್ಲಿದ್ದೆನೆಂಬುದಕ್ಕೂ ಒಂದು ಬೆಲೆ!

ಆಮೇಲೆ ಬ್ಯಾಂಕು. ಗುಲಾಬಿ ಬಣ್ಣದ ಫಾರಂ.
'ತಮ್ಮ ಅನುಮತಿಯಿಲ್ಲದೆ ನಡೆದ ವ್ಯವಹಾರಗಳು',
ಕೆಳಗೆ ಐದು ಸಾಲು.
ಟ್ರೆಡ್‌ಮಿಲ್ ಬರೆದೆ, ಬೂಟು ಬರೆದೆ.
ಮೂರನೆಯದರ ಮೇಲೆ ಪೆನ್ನು ಸುಮ್ಮನೆ ಕೂತಿತು,
ಶಾಯಿಯ ಒಂದು ಚುಕ್ಕೆ ಹಿಗ್ಗುತ್ತಾ ಹೋಯಿತು.
ಕೌಂಟರಿನ ಹುಡುಗ ಬಗ್ಗಿ ಹೇಳಿದ,
'ಖಾಲಿ ಸಾಲು ಹೊಡೆದುಬಿಡ್ರಿ ಮೇಡಂ,
ಆಮೇಲೆ ಯಾರಾದ್ರೂ ತುಂಬಿಬಿಡ್ತಾರೆ.'
ಹೊಡೆದೆ.
ಮತ್ತೆ, ಯಾಕೋ, ಇನ್ನೊಂದು ಫಾರಂ ಇದ್ದರೆ ಕೊಡಪ್ಪಾ ಎಂದೆ.

ಅದನ್ನು ನಾಲ್ಕಾಗಿ ಮಡಚಿ ರವಿಕೆ ಚೀಟಿಯ ಪಕ್ಕ ಇಟ್ಟು ಮನೆಗೆ ಬಂದೆ.
ಇವರು ಮಂಡಕ್ಕಿ ತಿನ್ನುತ್ತಾ ಕೂತಿದ್ದರು.
'ಏನಂತೆ, ದುಡ್ಡು ವಾಪಸ್ ಬರುತ್ತಂತಾ?'

ಯಾವುದು? ಎಂದೆ.

ಮೆಣಸಿನಕಾಯಿ ಹುಡುಕುತ್ತಿದ್ದ ಕೈ
ತಟ್ಟೆಯಲ್ಲಿ ಹಾಗೇ ನಿಂತಿತು.