ಕ್ವೈಟ್: ಐದು ಅಕ್ಷರ, ಇಪ್ಪತ್ತು ಪೌಂಡು

ಗ್ರಿಮ್ಸ್‌ಬಿಯಲ್ಲಿ ಸಮಾಧಿಕಲ್ಲು ಕೆತ್ತುವವನು ನಾನು.
ಅಕ್ಷರಕ್ಕೆ ನಾಲ್ಕು ಪೌಂಡು, ಚುಕ್ಕಿ ಬಿಟ್ಟಿ.
ದುಃಖಕ್ಕೆ ಲೆಕ್ಕವಿಲ್ಲ ಅನ್ನುತ್ತಾರಲ್ಲ,
ಇಲ್ಲಿ ಉಂಟು, ಪೆನ್ಸಿಲ್ಲಿನ ತುದಿಯಿಂದ ಎಣಿಸಿ ಹೇಳುತ್ತೇನೆ.
'ವೆರಿ' ಎಂದು ಬರೆದು ತಂದವರು
ಹದಿನಾರು ಪೌಂಡು ಅಂದೊಡನೆ
ಅದನ್ನೇ ಮೊದಲು ಹೊಡೆದುಹಾಕುತ್ತಾರೆ.
ತುಂಬ ಇಲ್ಲದೆಯೂ ಪ್ರೀತಿ ನಿಲ್ಲುತ್ತದೆ, ಕಲ್ಲಲ್ಲವೆ.

ಮ್ಯೂರಿಯಲ್ ಸ್ಟೇನ್‌ಫರ್ತ್ ಬಂದದ್ದು ಮಂಗಳವಾರ,
ಮಳೆಗೆ ಕಟ್ಟಿದ ಪ್ಲಾಸ್ಟಿಕ್ ಕುಲಾವಿ ಬಿಚ್ಚದೆ.
ಗಂಡ ಕ್ಲೆಮ್, ಬಂದರಿನ ಐಸ್ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ.
ಮಾತನ್ನೂ ಅಲ್ಲಿಂದಲೇ ಒಡೆದು ತರುತ್ತಿದ್ದ,
ಸಣ್ಣ ಸಣ್ಣ ತುಂಡು.
ಶುಕ್ರವಾರದ ಮೀನಿನ ಪೈ ಉಂಡು ಫೋರ್ಕ್ ಕೆಳಗಿಟ್ಟು
'ಕ್ವೈಟ್ ನೈಸ್.'
ಮದುವೆಯ ದಿನ ಅವಳ ಉಡುಪು ನೋಡಿಯೂ ಅದೇ.
ಮಗ ಹುಟ್ಟಿದಾಗ ತೊಟ್ಟಿಲಿಗೆ ಬಗ್ಗಿ,
ಅದೇ.

"ನಮ್ಮ ಕಡೆ ಅದರರ್ಥ ನಿಮಗೆ ಗೊತ್ತಲ್ಲ" ಅಂದಳು.
ಗೊತ್ತು. ಪರವಾಗಿಲ್ಲ. ಅಡ್ಡಿಯಿಲ್ಲ. ಹತ್ತಕ್ಕೆ ಆರು.
"ನಲವತ್ತೇಳು ವರ್ಷ ಹತ್ತಕ್ಕೆ ಆರರಲ್ಲೇ ಬಾಳಿದೆ.
ಬೆಣ್ಣೆ ಹೆಚ್ಚಿಸಿ ನೋಡಿದೆ,
ಜಾಯಿಕಾಯಿ ತುರಿದು ನೋಡಿದೆ,
ಏಳಾಗಲಿಲ್ಲ.
ಮಣ್ಣು ಮಾಡಿ ಬಂದ ಸಂಜೆ ಓಹಾಯೊದ ಸೊಸೆ ಲೊರೀನ್
ತಟ್ಟೆ ಒರೆಸುತ್ತ ಹೇಳಿದಳು:
ನಮ್ಮಲ್ಲಿ ಕ್ವೈಟ್ ಅಂದರೆ ಬಹಳ, ಅತ್ತೆ,
ಮಾವ ಎಷ್ಟು ಬಾಯ್ತುಂಬ ಹೊಗಳುತ್ತಾರೆ ಅಂದುಕೊಂಡಿದ್ದೆ."

ಅಂದಿನಿಂದ ಅವಳಿಗೆ ನಿದ್ದೆಯಿಲ್ಲ.
ಹಳೆಯ ಶುಕ್ರವಾರಗಳನ್ನೆಲ್ಲ ಕೆಳಗಿಳಿಸಿ
ಅಳೆದೂ ಸುರಿದೂ ನೋಡುತ್ತಿದ್ದಾಳೆ.

ನನಗೂ ಆ ಪದ ಆಗದು.
ಒಂದೇ ಸೌಟು, ಸಕ್ಕರೆಗೆ ಹಾಕಿದರೆ ಅರ್ಧ,
ವಿಷಕ್ಕೆ ಹಾಕಿದರೆ ತುಂಬಿ ತುಳುಕು.
'ಕ್ವೈಟ್ ಗುಡ್' ಅಂದರೆ ಒಳ್ಳೆಯದು ಕುಗ್ಗಿತು.
'ಕ್ವೈಟ್ ಡೆಡ್' ಅಂದರೆ ಪೂರಾ;
ಸುಮಾರಾಗಿ ಸತ್ತವರನ್ನು ಯಾರೂ ನನ್ನ ಬಳಿ ತಂದಿಲ್ಲ.
ಕಲಿಯುವ ದಿನಗಳಲ್ಲಿ ಒಂದು ಕಲ್ಲು ಹಾಳುಮಾಡಿದೆ:
'ಸದ್ದಿಲ್ಲದ ನಿದ್ರೆ' ಎಂದಿರಬೇಕಾದಲ್ಲಿ
ಕೊನೆಯ ಎರಡಕ್ಷರ ಅದಲುಬದಲಾಗಿ
'ತಕ್ಕಮಟ್ಟಿನ ನಿದ್ರೆ.'
ಮೇಸ್ತ್ರಿ ಹೊಡೆಯಲಿಲ್ಲ.
ಎರಡೂ ದಾಯಾದಿಗಳು ಕಣೋ, ಅಂದ,
ಹಿಂದೆ ಒಂದೇ ಒಲೆಯಲ್ಲಿ ಬೇಯುತ್ತಿದ್ದವು.
ಸಾಲ ತೀರಿದವನಿಗೆ ಹೇಳುತ್ತಿದ್ದ ಮಾತು ಅದು.
ಚುಕ್ತಾ. ಇನ್ನು ಹೋಗು. ಸುಮ್ಮನಿರು.

ಇದನ್ನು ಮ್ಯೂರಿಯಲ್‌ಗೆ ಹೇಳಿದೆನೆ?
ಹೇಳಲು ಬಾಯಿ ತೆರೆಯುವಷ್ಟರಲ್ಲಿ
ಅವಳು ಚೀಟಿ ಮುಂದಿಟ್ಟಳು:
ಹೆಸರು, ಎರಡು ಇಸವಿ, ಕೆಳಗೆ 'ಕ್ವೈಟ್ ನೈಸ್.'
ಪಾದ್ರಿ ಒಪ್ಪಲಿಕ್ಕಿಲ್ಲ, ಅಂದೆ.
"ಅವರಿಗೆ ಬೇಕಾದ ಊರಿನಲ್ಲಿ ಓದಿಕೊಳ್ಳಲಿ."

ಬಾಲದ ಅಕ್ಷರವೊಂದಿದೆಯಲ್ಲ, ಮೊದಲನೆಯದು,
ಅದನ್ನು ಕೊಂಚ ಆಳವಾಗಿಯೇ ಕೆತ್ತಿದೆ.
ಅಲ್ಲಿ ಮಳೆಯ ನೀರು ನಿಲ್ಲುತ್ತದೆ, ಬೇಗ ಆರುವುದಿಲ್ಲ.
ಕಲ್ಲು ನೋಡಲು ಬಂದವಳು ಬೆರಳಿಂದ ದೂಳು ಒರೆಸಿದಳು,
ಒಂದೊಂದೇ ನೋಟು ಎಣಿಸಿದಳು.
ರಸೀದಿಯಲ್ಲಿ 'ಬಾಕಿ' ಎಂಬಲ್ಲಿ ನಾನು ಗೆರೆ ಎಳೆದೆ.
ಆ ಗೆರೆಯನ್ನೇ ನೋಡುತ್ತ ನಿಂತಿದ್ದು
ಒಂಬತ್ತನೇ ನಂಬರಿನ ಬಸ್ಸು ಎಷ್ಟು ಹೊತ್ತಿಗೆ, ಅಂದಳು.