ಷರಾ

ಸರಕಾರಿ ಫಾರಮ್ಮಿನ ಕೊನೆಯ ಕಾಲಂ ಅದು,
ಎರಡು ಬೆರಳಗಲ.
ಸ್ಥಳ, ಸಮಯ, ಡೆಸಿಬಲ್ಲು ಬರೆದಾದ ಮೇಲೆ
ಉಳಿದದ್ದನ್ನೆಲ್ಲ ಅದರೊಳಗೆ ತುರುಕಬೇಕು.

ಲಕ್ಷ್ಮೀಪೂಜೆಯ ಸಂಜೆ, ಪರೇಲ್.
ಆಸ್ಪತ್ರೆಯ ಗೇಟಿನಿಂದ ಟೇಪು ಹಿಡಿದು ಅಳೆದೆವು
ನಾನೂ ಹವಾಲ್ದಾರ್ ಶೇವಂತಾಬಾಯಿ ಘಾಡ್ಗೆಯೂ.
ನೂರನೆಯ ಮೀಟರು ಬಂದು ನಿಂತದ್ದು
ಹಳೇ ಚಾಳಿನ ಮೂರನೇ ಮೆಟ್ಟಿಲಿಗೆ.
ಅದರ ಕೆಳಗೆ ನಿಶ್ಶಬ್ದ ವಲಯ,
ಮೇಲೆ ಹಬ್ಬ.

ಮೂರು ಕಾಲಿನ ಸ್ಟ್ಯಾಂಡು ಊರಿ ಯಂತ್ರ ಚಾಲೂ ಮಾಡಿದೆ.
ಒಂದು ಪಟಾಕಿಯೂ ಸಿಡಿದಿರಲಿಲ್ಲ ಇನ್ನೂ.
ಬೆಸ್ಟ್ ಬಸ್ಸು, ಲೋಕಲ್ಲಿನ ಹಾರ್ನು,
ವಡಾ ಬಿಟ್ಟ ಕಾದ ಎಣ್ಣೆ:
ಅರವತ್ತಾರು.
ಕಾನೂನು ಕೇಳುವುದು ನಲವತ್ತು, ಐವತ್ತು.
ಸುಮ್ಮನೆ ಉಸಿರಾಡಿದರೂ ಅಪರಾಧಿ, ಈ ಊರು.

ಹುಡುಗರು ಸುತ್ತುವರಿದರು.
ಇದೇನು ಕಾಕಾ? ಎಂದ ಸೋಹಂ,
ಮುಂದಿನ ಹಲ್ಲು ಅರ್ಧ ಮುರಿದವನು.
ಸದ್ದಿನ ತಕ್ಕಡಿ ಎಂದೆ.
ಅಲ್ಲೇ ತಪ್ಪಿದೆ.
ತಕ್ಕಡಿ ಅಂದ ಮೇಲೆ ತೂಗಲೇಬೇಕಲ್ಲ.
ಸುತಳಿ ಬಾಂಬು, ಡಬ್ಬದಡಿ ಇಟ್ಟದ್ದು,
ಒಡೆದ ಮಡಕೆಯಡಿ ಇಟ್ಟದ್ದು,
ಒಂದೊಂದು ಸಿಡಿದಾಗಲೂ ಓಡಿ ಬಂದು
ಕಿತೀ ಕಾಕಾ, ಕಿತೀ?
ತೊಂಬತ್ತೇಳು ಎಂದರೆ ಮುಖ ಬಾಡುತ್ತಿತ್ತು,
ನೂರಾ ಮೂರಕ್ಕೆ ಕುಣಿತ.
ಎದುರು ಓಣಿಗೂ ಸುದ್ದಿ ಮುಟ್ಟಿ
ಅವರೂ ತಮ್ಮದನ್ನು ತೂಗಿಸಲು ಬಂದರು,
ಚೀಲ ಸಮೇತ.

ಹತ್ತರ ಮೇಲೆ ನಿಷೇಧ.
ಹತ್ತೂ ಏಳಕ್ಕೆ ಮೆಟ್ಟಿಲ ಬುಡದಲ್ಲೇ
ಯಾರೋ ಬತ್ತಿಗೆ ಊದುಕಡ್ಡಿ ಮುಟ್ಟಿಸಿದರು.
ಶೇವಂತಾಬಾಯಿ ಯಂತ್ರದ ಪಕ್ಕಕ್ಕೇ ನಿಂತು
ಕೆನ್ನೆ ಉಬ್ಬಿಸಿ ಸೀಟಿ ಊದಿದಳು.
ಬಾಂಬು ಠುಸ್ಸೆಂದಿತು.
ಯಂತ್ರ ಹೇಳಿತು: ನೂರಾ ಹದಿನಾಲ್ಕು.
ಇಡೀ ರಾತ್ರಿಯಲ್ಲಿ ಅದಕ್ಕಿಂತ ದೊಡ್ಡ ಸದ್ದಿಲ್ಲ.
ಮಾವ್ಶೀ ಗೆದ್ದಳು! ಎಂದು ಸೋಹಂ ಕಿರುಚಿದ.
ಆಕೆ ನಗು ನುಂಗಿ
ಟೋಪಿ ಸರಿಮಾಡಿಕೊಂಡಳು.

ಆಸ್ಪತ್ರೆಯ ಗೋಡೆಯುದ್ದಕ್ಕೂ ಫುಟ್‌ಪಾತಿನಲ್ಲಿ
ರೋಗಿಗಳ ಕಡೆಯವರು ಮಲಗಿರುತ್ತಾರೆ,
ಸ್ಕ್ಯಾನಿನ ಚೀಲವೇ ತಲೆದಿಂಬು.
ಫೋನಿನಲ್ಲಿ ನನ್ನ ಮಾತು ಕಿವಿಗೆ ಬಿದ್ದು
ಒಬ್ಬಾಕೆ ಎದ್ದು ಬಂದಳು: ಕನ್ನಡದವ್ರೇನ್ರೀ?
ಅಮರಮ್ಮ. ಸಿಂಧನೂರಿನಿಂದ ಆಚೆ ಒಂದು ಹಳ್ಳಿ.
ನಾಲ್ಕನೇ ಮಹಡಿಯಲ್ಲಿ ಗಂಡ.
ನಾನು ಹುರುಪಿನಿಂದ ಹೇಳಿದೆ,
ಎಲ್ಲ ಬರೆದುಕೊಂಡಿದ್ದೇನೆ ತಾಯಿ, ವರದಿ ಹೋಗುತ್ತದೆ,
ಬರುವ ವರ್ಷ ಇಲ್ಲಿ ಒಂದು ಸುರುಸುರುಬತ್ತಿಯೂ...
ಆಕೆ ಪೂರ್ತಿ ಕೇಳಲಿಲ್ಲ.

ಮೂರು ದಿನ ಆತ್ರೀ, ಕರದ್ರ ಓ ಅಂದಿದ್ದಿಲ್ಲ.
ಸಂಜಿಮುಂದ ಒಂದು ಢಮ್ ಅಂತು ನೋಡ್ರಿ,
ಬೆಚ್ಚಿಬಿದ್ದು ನನ್ನ ಕೈ ಗಟ್ಟಿ ಹಿಡಕೊಂಡ.
ಬಾಜೂ ಕಾಟಿನ ಕೂಸು ಮಾತ್ರ ಅತ್ತು ಅತ್ತು ಸಾಕಾತು,
ಅದೂ ಖರೇನ.
ಅದನ್ನ ಯಾರು ಹಚ್ಚಿದ್ದು, ನಿಮಗ ಗೊತ್ತೇನ್ರೀ?

ಪುಟ ತಿರುವಿ ಹುಡುಕಿದೆ.
ಏಳೂ ನಲವತ್ತು. ತೊಂಬತ್ತೊಂದು.
ಹುಡುಗರು ಛೀ ಎಂದು ಬಿಟ್ಟುಹೋಗಿದ್ದದ್ದು.
ಷರಾ ಖಾಲಿ.

ರಾತ್ರಿ ಮೂರಕ್ಕೆ ಸದ್ದು ನಲವತ್ತೆಂಟಕ್ಕಿಳಿಯಿತು,
ಆಮೇಲೆ ಇಳಿಯಲಿಲ್ಲ.
ಎಲ್ಲೋ ಒಂದು ನಲ್ಲಿ ಸೋರುತ್ತಿತ್ತು.
ಹೊಗೆ ಮಾತ್ರ ಯಾವ ಮೀಟರಿಗೂ ಕಾಯದೆ
ಮೆಟ್ಟಿಲಿಳಿದು ಗೇಟಿನೊಳಗೆ ಹೋಗುತ್ತಿತ್ತು.

ಬೆಳಿಗ್ಗೆ ಪೆಡ್ನೇಕರ್ ಸಾಹೇಬರು ಕನ್ನಡಕ ಏರಿಸಿ
ಸೀಟಿಯ ಎಂಟ್ರಿ ಹೊಡೆದುಹಾಕು ಅಂದರು,
ಸರಾಸರಿ ಕೆಡುತ್ತದೆ.
ಹೊಡೆದುಹಾಕಿದೆ.
ಏಳೂ ನಲವತ್ತರ ಮುಂದೆ, ಮರಾಠಿ ಫಾರಮ್ಮಿನಲ್ಲಿ,
ಕನ್ನಡದಲ್ಲಿ ಬರೆದಿದ್ದೆ ಎರಡೇ ಪದ:
ಗಟ್ಟಿ ಹಿಡಕೊಂಡ.
ನನ್ನ ಸಹಿ ಅಂದುಕೊಂಡರು ಸಾಹೇಬರು.
ಅದರ ಮೇಲೆಯೇ ಸೀಲು ಒತ್ತಿದರು.